ಗಾಳ ಹಾಕುವವರು ಸೋಮಾರಿಗಳೆ?

ಕಡಲ ತಡಿಯ ಪಾದೆಗಳ ಮೇಲೆ ಸಂಜೆಯ ಹೊತ್ತು ಗಾಳ ಹಾಕಿ ಕುಳಿತಿರುವವರನ್ನು ಕಂಡರೆ ನಮ್ಮ ವಿದ್ಯಾವಂತ ಗೃಹಸ್ಥರಿಗೆ ಏಕೋ ಸಹಿಸದು. ‘ಕೆಲಸವಿಲ್ಲದ ಜನ’ ಎಂದು ಒಬ್ಬರು. ‘ಮೂರು ಗಂಟೆ ಕುಳಿತು ಮೂರು ಮೀನು ಹಿಡಿಯುವುದಕ್ಕಿಂತ ಪೇಟೆಯಲ್ಲಿ ಕೊಂಡರೆ ಅಗ್ಗ’ ಎಂದು ಲೆಕ್ಕ ಬಲ್ಲ ಇನ್ನೊಬ್ಬರು. ‘ಇದು ಬಿಳಿಯರು ಬಿಟ್ಟುಹೋದ ಚಟ’ ಎಂದು ಚರಿತ್ರೆ ಬಲ್ಲ ಮೂರನೆಯವರು. ಇತ್ತೀಚೆಗೆ ನಮ್ಮವರೇ ಆದ ಮಾನ್ಯರೊಬ್ಬರು ಒಂದು ಹೆಜ್ಜೆ ಮುಂದೆ ಹೋಗಿ, ಪಾದೆಗಳಿಗೆಲ್ಲ ಬೇಲಿ ಹಾಕಿಸಿ ಈ ಜನರನ್ನು ಅಲ್ಲಿಂದ ಎಬ್ಬಿಸಿದರೆ ಕಡಲ ಕರೆಯು ಸಭ್ಯರು ಸಂಸಾರದೊಡನೆ ಬಂದು ಕೂರುವುದಕ್ಕೆ ಯೋಗ್ಯವಾಗುವುದೆಂದು ಅಪ್ಪಣೆ ಕೊಡಿಸಿದರು. ಅವರ ಹೆಸರು ಇಲ್ಲಿ ಬೇಕಾಗಿಲ್ಲ. ಅವರು ಬಾಯಿ ಬಿಟ್ಟು ಹೇಳಿದುದನ್ನು ನಮ್ಮಲ್ಲಿ ಹಲವರು ಮನಸ್ಸಿನಲ್ಲಿ ಅಂದುಕೊಂಡಿರುವುದರಿಂದ ಈ ಉತ್ತರವು ಅವರೊಬ್ಬರಿಗೇ ಸಲ್ಲತಕ್ಕದ್ದಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ಪಾದೆಯ ಮೇಲೆ ಕುಳಿತವನಲ್ಲಿ ಒಂದು ವಿದ್ಯೆಯುಂಟು. ಆ ವಿದ್ಯೆ ನಮ್ಮಲ್ಲಿಲ್ಲ. ಅದು ಇಲ್ಲದ ಕಾರಣ ಕಡಲಿಗೆ ಬಂದ ಮಕ್ಕಳು ಕಡಲಿನಲ್ಲಿಯೇ ಉಳಿದುಹೋಗುತ್ತಿದ್ದಾರೆ. ಹೀಗಿರುವಾಗ ವಿದ್ಯೆಯುಳ್ಳವನನ್ನು ಎಬ್ಬಿಸಿ ಇಲ್ಲದವರನ್ನು ಕೂರಿಸಬೇಕೆಂಬುದು ಯಾವ ನ್ಯಾಯ?

ಗಾಳದವನ ಸಂಜೆ ಹೇಗಿರುವುದೆಂಬುದನ್ನು ಮೊದಲು ನೋಡೋಣ. ಸೋಮೇಶ್ವರದ ರುದ್ರಪಾದೆಯಾಗಲಿ, ಸುರತ್ಕಲ್ಲಿನ ಬಂಡೆಗಳಾಗಲಿ, 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಹೊತ್ತಿರುವ ಕಾಪುವಿನ ಕಲ್ಲಾಗಲಿ, ಕೆಲಸವು ಆರಂಭವಾಗುವುದು ಅಲ್ಲಲ್ಲ, ಮನೆಯಲ್ಲಿ, ಅದೂ ಪಂಚಾಂಗದಿಂದ. ಪಂಚಾಂಗವನ್ನು ನಾವೂ ತೆರೆಯುತ್ತೇವೆ: ಏಕಾದಶಿ ಎಂದು, ಸಂಕಷ್ಟಿ ಎಂದು, ರಾಹುಕಾಲ ಕಳೆಯಿತೆ ಎಂದು. ಗಾಳದವನು ತಿಥಿಯನ್ನು ನೋಡುವುದು ನೀರಿಗಾಗಿ. ಚಂದ್ರೋದಯವು ದಿನಕ್ಕೆ ಸುಮಾರು 50 ನಿಮಿಷ ತಡವಾಗುವಂತೆ ಭರತವೂ ತಡವಾಗುತ್ತ ಹೋಗುವುದು. ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡು ಭರತಗಳೂ ಸಮನಲ್ಲ, ಒಂದು ದೊಡ್ಡದು, ಒಂದು ಸಣ್ಣದು. ನಮ್ಮ ಕರೆಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನಡುಹಗಲಿನ ಸುಮಾರಿಗೆ ನೀರು ತುಂಬಿ ಸಂಜೆಗೆ ಬಹಳ ಕೆಳಕ್ಕೆ ಇಳಿದಿರುವುದು. ಅಷ್ಟಮಿಯ ಆಸುಪಾಸಿನಲ್ಲಿ ಸಂಜೆಗೇ ನೀರು ತುಂಬುವುದು, ಆದರೆ ಅಷ್ಟು ಎತ್ತರಕ್ಕಲ್ಲ. ಇದನ್ನು ಬಲ್ಲವನು ಯಾವ ಸಂಜೆ ಯಾವ ಕಲ್ಲು ಬರಿದಾಗುವುದು, ಯಾವ ಕಲ್ಲಿಗೆ ಹೋದ ದಾರಿ ಹಿಂದಕ್ಕೆ ಬರುವಷ್ಟರಲ್ಲಿ ಮುಚ್ಚಿಹೋಗುವುದು ಎಂಬುದನ್ನು ಮನೆಯ ಜಗಲಿಯ ಮೇಲೆ ಕುಳಿತೇ ಹೇಳಬಲ್ಲನು. ತಿಥಿಯನ್ನು ಬಾಯಿಪಾಠವಾಗಿ ಒಪ್ಪಿಸುವ ನಮ್ಮಲ್ಲಿ ಎಷ್ಟು ಮಂದಿ ಇದನ್ನು ಹೇಳಬಲ್ಲೆವು?

ಪಾದೆಗೆ ಬಂದವನು ಕೂಡಲೇ ದಾರವನ್ನು ಬಿಚ್ಚುವುದಿಲ್ಲ. ಕಾಲು ಗಂಟೆ ಸುಮ್ಮನೆ ನಿಂತು ನೀರನ್ನು ನೋಡುವನು. ಇದನ್ನೇ ನಮ್ಮವರು ಸೋಮಾರಿತನವೆನ್ನುವುದು! ದೊಡ್ಡ ಅಲೆಯು ಒಂಟಿಯಾಗಿ ಬರುವುದು ಕಡಿಮೆ. ಮೂರು, ನಾಲ್ಕು, ಐದು ಕೂಡಿ ಬರುವುವು. ಒಂದು ಗುಂಪು ಕಳೆದು ಮುಂದಿನ ಗುಂಪು ಬರುವ ನಡುವೆ ಕೆಲವೊಮ್ಮೆ ಹತ್ತು ನಿಮಿಷಕ್ಕೂ ಮಿಕ್ಕಿ ಕಡಲು ಹಸುವಿನಂತೆ ಮಲಗಿರುವುದು. ಆ ನಡುವಿನ ಶಾಂತಿಯನ್ನು ಮಾತ್ರ ಕಂಡು ಕಲ್ಲಿನ ತುದಿಗೆ ಹೋದವನ ಮಾತು ಮುಗಿದಂತೆಯೇ. ಕಾಲು ಗಂಟೆ ನಿಂತವನು ಒಂದಾದರೂ ದೊಡ್ಡ ಗುಂಪನ್ನು ಕಂಡಿರುವನು. ಅದು ಎಲ್ಲಿಯವರೆಗೆ ಏರಿತು, ಎಲ್ಲಿ ಒಡೆಯಿತು, ಹಿಂದಕ್ಕೆ ಸರಿಯುವಾಗ ಯಾವ ಸಂದಿನಿಂದ ಎಳೆಯಿತು ಎಂಬುದು ಅವನ ಕಣ್ಣಿನಲ್ಲಿರುವುದು.

ಆಮೇಲೆ ಕಲ್ಲನ್ನು ಓದುವ ಕೆಲಸ. ಓದುವುದೆಂಬ ಮಾತನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಮೇಲಿನ ಒಣಗಲ್ಲಿನ ಕೆಳಗೆ ಕಪ್ಪು ಬಳಿದಂತೆ ಒಂದು ಪಟ್ಟಿಯಿರುವುದು. ದೊಡ್ಡ ಭರತದ ಅಲೆಯ ತುಂತುರು ಅಲ್ಲಿಯವರೆಗೆ ತಲುಪುವುದೆಂದು ಅರ್ಥ. ಅದರ ಕೆಳಗೆ ಕಲ್ಲಿಗೆ ಕಚ್ಚಿದ ಬಿಳಿಯ ಚಿಪ್ಪುಗಳ ಸಾಲು, ಕಾಲಿಗೆ ಉಪ್ಪುಕಾಗದದಂತೆ ತಾಗುವುದು. ಅದಕ್ಕೂ ಕೆಳಗೆ ಪಚ್ಚಿಲೆಗಳ ಗೊಂಚಲು. ಅದರ ಕೆಳಗೆ ಹಸುರು ಪಾಚಿ. ಚಿಪ್ಪಿನ ಕಲ್ಲಿನ ಮೇಲೆ ಕಾಲು ನಿಲ್ಲುವುದು, ಪಾಚಿಯ ಕಲ್ಲಿನ ಮೇಲೆ ನಿಲ್ಲದು. ಈ ನಾಲ್ಕು ಗೆರೆಗಳ ಪಾಠವನ್ನು ನಮ್ಮ ಶಾಲೆಗಳಲ್ಲಿ ಎಂಟನೆಯ ತರಗತಿಯ ಹುಡುಗನಿಗೆ ಅರ್ಧ ಗಂಟೆಯಲ್ಲಿ ಕಲಿಸಬಹುದು. ಆದರೆ ಅವನಿಗೆ ನಾವು ಕಲಿಸುವುದು ಸಪ್ತಸಮುದ್ರಗಳ ಹೆಸರು.

ಇನ್ನು ಗಾಳದ ಮಾತು. ಬಾಟಲಿಗೋ ಮರದ ತುಂಡಿಗೋ ಸುತ್ತಿದ ನೈಲಾನ್ ದಾರ, ಒಂದು ಕೊಕ್ಕೆ, ಒಂದು ಸೀಸದ ಗುಂಡು, ಎರೆಗೆ ನಾಲ್ಕು ಸಿಗಡಿ, ಬಂಡವಾಳವಿಷ್ಟೆ. ಕಲ್ಲುಗಳ ನಡುವೆ ಗುಂಡು ಸಿಕ್ಕಿಕೊಳ್ಳುವುದು ಖಂಡಿತ. ಆದುದರಿಂದ ಬಲ್ಲವನು ಸೀಸದ ಬದಲು ಹಳೆಯ ನಟ್ಟೊಂದನ್ನು, ಮುಖ್ಯ ದಾರಕ್ಕಿಂತ ತೆಳ್ಳನೆಯ ನೂಲಿನಿಂದ ಕಟ್ಟುವನು. ಎಳೆದಾಗ ನೂಲು ಹರಿಯುವುದು, ನಟ್ಟು ಹೋಗುವುದು. ದಾರವೂ ಕೊಕ್ಕೆಯೂ, ಇದ್ದರೆ ಮೀನೂ ಉಳಿಯುವುವು. ಹೊತ್ತು ಮುಳುಗುವ ಮುಂಚಿನ ಒಂದು ಗಂಟೆ, ಮುಳುಗಿದ ಮೇಲಿನ ಒಂದು ಗಂಟೆ, ಇವೇ ಒಳ್ಳೆಯ ವೇಳೆ. ಏಕೆಂದರೆ ಬೆಳಕು ಕುಂದಿದಂತೆ ಏಡಿ ಸಿಗಡಿಗಳು ಸಂದುಗಳಿಂದ ಹೊರಬರುವುವು, ಅವುಗಳನ್ನು ಹುಡುಕಿಕೊಂಡು ದೊಡ್ಡ ಮೀನುಗಳು ಕಲ್ಲಿನ ಬುಡಕ್ಕೆ ಬರುವುವು. ಮುರು ಮೀನು ಎರೆಯನ್ನು ನುಂಗಿದೊಡನೆ ತನ್ನ ಮಾಟೆಗೆ ನುಗ್ಗಿ ಕಿವಿರನ್ನು ಅಗಲಿಸಿ ಕಲ್ಲಿಗೆ ಕಲ್ಲಾಗಿ ಕೂರುವುದು. ಆಗ ಎಳೆದರೆ ದಾರ ಹರಿಯುವುದೇ ಹೊರತು ಮೀನು ಬರದು. ಬಲ್ಲವನು ದಾರವನ್ನು ಸಡಿಲ ಬಿಟ್ಟು ಬೀಡಿ ಹಚ್ಚುವನು. ಅಪಾಯ ಕಳೆಯಿತೆಂದು ಮೀನು ತಾನಾಗಿ ಹೊರಟಾಗ ಎಳೆಯುವನು. ದೂರದಿಂದ ನೋಡುವವರಿಗೆ ಕಾಣುವುದು ಬೀಡಿ ಮಾತ್ರ. ತೇಡೆ ಬಿದ್ದರೆ ಇನ್ನೊಂದು ಎಚ್ಚರ ಬೇಕು: ಬೆನ್ನಿನ ರೆಕ್ಕೆಯಲ್ಲಿಯೂ ಎರಡು ಮಗ್ಗುಲುಗಳಲ್ಲಿಯೂ ವಿಷದ ಮುಳ್ಳು. ಚುಚ್ಚಿದರೆ ತಾಳಬಲ್ಲಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನು ಅದ್ದಿಡಬೇಕು. ಆ ವಿಷವು ಬಿಸಿಗೆ ಕೆಡತಕ್ಕುದಾದ್ದರಿಂದ ಇಂದಿನ ವೈದ್ಯರೂ ಮೊದಲು ಹೇಳುವುದು ಇದನ್ನೇ.

ಇಷ್ಟನ್ನು ಬಲ್ಲವನನ್ನು ಸೋಮಾರಿ ಎನ್ನುವುದಾದರೆ, ಅದೇ ಹೊತ್ತಿಗೆ ಅದೇ ಕಡಲಿಗೆ ಬೆನ್ನು ತಿರುಗಿಸಿ ನಿಂತು ಕೈಯನ್ನು ಚಾಚಿ ಮೊಬೈಲಿನಲ್ಲಿ ತನ್ನ ಮುಖವನ್ನೇ ಹಿಡಿದುಕೊಳ್ಳುವ ಪ್ರಯಾಣಿಕನಿಗೆ ಏನೆನ್ನಬೇಕು? 2024ರ ಡಿಸೆಂಬರ್ ತಿಂಗಳಿನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಿಂದ ಪ್ರವಾಸ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ನೀರಿಗಿಳಿದು ಮರಳಿ ಬರಲಿಲ್ಲ. ಒಳನಾಡಿನ ಕೆರೆಯನ್ನಷ್ಟೇ ಕಂಡ ಮಕ್ಕಳಿಗೆ ಕಡಲೆಂದರೆ ದೊಡ್ಡ ಕೆರೆ. ಅದಲ್ಲವೆಂದು ಅವರಿಗೆ ತಿಳಿಹೇಳಿದ ಪಾಠ ಯಾವ ಪುಸ್ತಕದಲ್ಲಿತ್ತು? ನಾನು ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ. ಆದರೆ ಪ್ರತಿ ಸಲವೂ ಅನಾಹುತವಾದ ಮೇಲೆ ನಾವು ಮಾಡುವುದು ಎರಡೇ ಕೆಲಸ: ಒಂದು ಫಲಕ, ಒಂದು ಬೇಲಿ. ಫಲಕವನ್ನು ಓದುವವರಿಲ್ಲ. ಬೇಲಿಯನ್ನು ದಾಟದೆ ನಿಲ್ಲುವವನು ಗಾಳದವನೊಬ್ಬನೇ, ಏಕೆಂದರೆ ದಂಡ ತೆರಬೇಕಾದರೆ ಅವನಿಗೆ ನೋವಾಗುವುದು. ಹೀಗೆ ಪಾದೆಯ ಮೇಲಿನಿಂದ ಮೊದಲು ಹೊರಗಾಗುವವನು, ‘ಅಲ್ಲಿ ಹೋಗಬೇಡಿ ಮಾರಾಯ್ರೇ, ದೊಡ್ಡ ಅಲೆ ಬರ್ತದೆ’ ಎಂದು ಕೂಗಿ ಹೇಳಬಲ್ಲವನು.

ದೊಡ್ಡ ಅಲೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಗಾಳಿಯಿಲ್ಲದೆ, ಮೋಡವಿಲ್ಲದೆ, ಬಿಸಿಲು ಕಾಯುತ್ತಿರುವಾಗಲೇ, ಮುಖ್ಯವಾಗಿ ಏಪ್ರಿಲ್ ಮೇ ತಿಂಗಳುಗಳಲ್ಲಿ, ಕಡಲು ಏಕಾಏಕಿ ಉಬ್ಬಿ ಕರೆಗೆ ನುಗ್ಗುವುದುಂಟು. ಸಾವಿರಾರು ಮೈಲಿ ದೂರದ ದಕ್ಷಿಣ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದ ಉದ್ದಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ಇಲ್ಲಿಗೆ ತಲುಪುವುದರಿಂದ ಇದು ಆಗುವುದು. ಕೇರಳದ ಬೆಸ್ತರು ಇದನ್ನು ‘ಕಳ್ಳಕ್ಕಡಲ್’ ಎಂದರು. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು. ಈ ಹೆಸರನ್ನು ಯುನೆಸ್ಕೋ ಸಂಸ್ಥೆಯು 2012ರಲ್ಲಿ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಇಂದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ನಮ್ಮ ಕರಾವಳಿಗೂ ಅದೇ ಹೆಸರಿನಲ್ಲಿ ಎಚ್ಚರಿಕೆಯನ್ನು ಹೊರಡಿಸುತ್ತದೆ. ಬೆಸ್ತನ ಬಾಯಿಯ ಮಾತು ಲೋಕದ ವಿಜ್ಞಾನಿಗಳಿಗೆ ಪರಿಭಾಷೆಯಾಗಬಹುದಂತೆ. ನಮ್ಮ ವಿದ್ಯಾವಂತರಿಗೆ ಅದು ಇನ್ನೂ ಕೇರಿಯ ಮಾತು!

ಇದು ಬಿಳಿಯರ ಚಟವೆಂಬ ಆಕ್ಷೇಪಕ್ಕೆ ಬರುವೆನು. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ಹೆಸರಿನಿಂದಲಾದರೂ ಅರಿಯದವರು ನಮ್ಮಲ್ಲಿ ಇರಲಾರರು. ಅದರ ನಾಲ್ಕನೆಯ ವಿಂಶತಿಯಲ್ಲಿ ಇಪ್ಪತ್ತು ವಿನೋದಗಳು ಬರುವುವು. ಅವುಗಳಲ್ಲಿ ಮತ್ಸ್ಯವಿನೋದವೂ ಒಂದು. ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಎಂತಹ ಎರೆ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದನ್ನು ಆ ದೊರೆಯು ವಿವರಿಸಿದ್ದಾನೆ. ಸಂಗೀತವನ್ನೂ ನಾಟ್ಯವನ್ನೂ ಯಾವ ಪುಸ್ತಕದಲ್ಲಿ ವಿವರಿಸಿದನೋ ಅದೇ ಪುಸ್ತಕದಲ್ಲಿ! ನಮ್ಮವರು ಅದರಿಂದ ಸಂಗೀತವನ್ನೂ ಅಡುಗೆಯನ್ನೂ ಆಯ್ದುಕೊಂಡು ಭಾಷಣ ಮಾಡುವರು; ಗಾಳದ ಪುಟ ಬಂದಾಗ ಹಾಳೆ ತಿರುಗಿಸುವರು.

ಬಿಳಿಯರ ವಿಷಯವೂ ಇರಲಿ. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಗಾಳದ ಮೀನುಗಾರಿಕೆಯನ್ನು ಕುರಿತು ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು ಬರೆದರು. ಅದು ಅಚ್ಚಾದುದು ಲಂಡನ್ನಿನಲ್ಲಲ್ಲ, 1873ರಲ್ಲಿ ನಮ್ಮ ಮಂಗಳೂರಿನಲ್ಲಿ. ಜಿಲ್ಲೆಯ ಹೊಳೆಗಳಲ್ಲಿ ಮೀನುಮರಿಗಳು ನಾಶವಾಗುತ್ತಿರುವುದನ್ನು ಕಂಡು ಸರಕಾರಕ್ಕೆ ವರದಿ ಬರೆದವರೂ ಅವರೇ. ಗಾಳದ ಚಟವಿದ್ದವನಿಗೇ ಆ ಕಣ್ಣು ಬಂದಿತೆಂಬುದು ಗಮನಿಸತಕ್ಕ ಮಾತು. ಅದೇ ಊರಿನಲ್ಲಿ 21 ವರ್ಷಗಳ ಬಳಿಕ, 1894ರಲ್ಲಿ, ಕಿಟ್ಟೆಲರ ನಿಘಂಟು ಹೊರಬಂದಿತು. ಹೊರನಾಡಿಗರಿಬ್ಬರು ನಮ್ಮ ನೆಲದಲ್ಲಿ ನಿಂತು ಒಬ್ಬರು ಮೀನಿನ ವಿದ್ಯೆಯನ್ನೂ ಒಬ್ಬರು ಮಾತಿನ ಭಂಡಾರವನ್ನೂ ಕೂಡಿಸಿದರು. ಮೀನಿನ ಮಾತನ್ನು ಕೂಡಿಸುವ ಕೆಲಸ ನಮ್ಮ ಪಾಲಿಗೆ ಉಳಿದಿತ್ತು. ಅದು ಇನ್ನೂ ಉಳಿದೇ ಇದೆ.

ಹಿಂಸೆಯೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವವನಲ್ಲ. ಮೀನನ್ನು ಮುಟ್ಟದ ಮನೆಯವರು ಈ ಮಾತನ್ನೆತ್ತಿದರೆ ತಲೆಬಾಗುವೆನು. ಅವರೊಡನೆ ನನಗೆ ಜಗಳವಿಲ್ಲ. ಆದರೆ ಬೆಳಿಗ್ಗೆ ಅಂಜಲನ್ನೂ ಮಾಂಜಿಯನ್ನೂ ಚೀಲದಲ್ಲಿ ತಂದು ಸಂಜೆ ಗಾಳದವನ ಕ್ರೌರ್ಯಕ್ಕೆ ಮರುಗುವವರಿಗೆ ಏನು ಹೇಳೋಣ? ಆ ಚೀಲದ ಮೀನು ಹೇಗೆ ಬಂದಿತೆಂಬುದನ್ನು ಅವರು ವಿಚಾರಿಸಿದ್ದುಂಟೆ? ತೇಡೆಯ ಕಥೆಯೊಂದೇ ಸಾಕು. ಈ ಮೀನಿನಲ್ಲಿ ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ತನ್ನ ಬಾಯಿಯೊಳಗೆ ಇಟ್ಟುಕೊಂಡು, ಅವು ಒಡೆದು ಮರಿಗಳು ಈಜಬಲ್ಲವಾಗುವ ತನಕ ವಾರಗಟ್ಟಲೆ ಉಪವಾಸವಿರುವುದು. 1975ರ ಸುಮಾರಿಗೆ ನಮ್ಮ ಕರೆಗೆ ಪರ್ಸೀನ್ ಬಲೆಗಳು ಬಂದು ರಂಪಣಿ ಹಿಂದೆ ಸರಿಯಿತು. ಆ ಬಲೆಗಳಿಗೆ ಬಾಯಿ ತುಂಬ ಮೊಟ್ಟೆ ಹೊತ್ತ ಗಂಡುಗಳು ಹಿಂಡುಹಿಂಡಾಗಿ ಬಿದ್ದವು. ಕೆಲವೇ ವರ್ಷಗಳಲ್ಲಿ ತೇಡೆಯ ಮೀನುಗಾರಿಕೆ ಕುಸಿದುಹೋಯಿತು. ಗಾಳವಾದರೋ ಆ ತಂದೆಯನ್ನು ಮುಟ್ಟಲಾರದು. ಉಪವಾಸವಿರುವ ಬಾಯಿ ಎರೆಯನ್ನು ಕಚ್ಚುವುದಿಲ್ಲವಷ್ಟೆ. ರಾತ್ರಿಯನ್ನು ಹಗಲು ಮಾಡಿ ದೀಪದ ಬೆಳಕಿಗೆ ಮೀನನ್ನು ಕರೆದು ಬಾಚುವ ಕ್ರಮವನ್ನು ಕೇಂದ್ರ ಸರಕಾರವು 2017ರ ನವೆಂಬರಿನಲ್ಲಿ ನಿಷೇಧಿಸಬೇಕಾಗಿ ಬಂದಿತು. ಪಾದೆಯ ಮೇಲಿನ ಒಂದು ಕೊಕ್ಕೆಯನ್ನು ನಿಷೇಧಿಸಬೇಕೆನ್ನುವವರು ಕಡಲಿನ ಆ ಬದಿಗೂ ಒಮ್ಮೆ ಮುಖ ತಿರುಗಿಸಲಿ.

ಗಾಳದವರೆಲ್ಲ ಋಷಿಗಳೆಂದು ನಾನು ಹೇಳುವುದಿಲ್ಲ. ಹರಿದ ನೈಲಾನ್ ದಾರವನ್ನು ಪಾದೆಯ ಸಂದಿನಲ್ಲಿ ಬಿಟ್ಟುಬರುವವರು ಬೇಕಾದಷ್ಟು ಮಂದಿ. ಅದು ಕೊಳೆಯುವುದಿಲ್ಲ, ಹಕ್ಕಿಯ ಕಾಲಿಗೂ ಆಮೆಯ ಕೊರಳಿಗೂ ಉರುಳಾಗುವುದು. ಬೆರಳುದ್ದದ ಮುರುಮರಿಯನ್ನೂ ಬಿಡದೆ ಚೀಲಕ್ಕೆ ಹಾಕುವವರುಂಟು. ಈ ಜಾತಿಯ ಮೀನುಗಳಲ್ಲಿ ಬಹಳಷ್ಟು ಮೊದಲು ಹೆಣ್ಣಾಗಿದ್ದು ದೊಡ್ಡದಾದ ಮೇಲೆ ಗಂಡಾಗತಕ್ಕವು ಎಂಬುದನ್ನು ತಿಳಿದರೆ ಹಾಗೆ ಮಾಡಲಾರರು. ಕುಡಿದು ಪಾದೆ ಹತ್ತುವವರೂ ಇಲ್ಲದಿಲ್ಲ. ಇವರಿಗೆ ಬುದ್ಧಿ ಹೇಳಬೇಕು. ಹೇಳತಕ್ಕವರು ಅವರೊಳಗಿನ ಹಿರಿಯರೇ. ಹಿರಿಯರನ್ನೂ ಕಿರಿಯರನ್ನೂ ಒಂದೇ ಬೇಲಿಯಿಂದ ಹೊರಕ್ಕೆ ಅಟ್ಟಿದರೆ ಬುದ್ಧಿ ಹೇಳುವ ಜಾಗವೂ ಹೋಯಿತು.

ಸಾಹಿತ್ಯದ ಮಾಸಪತ್ರಿಕೆಗೆ ಇದೆಲ್ಲ ಏಕೆಂದು ಕೇಳುವವರಿರಬಹುದು. ಸಾಹಿತ್ಯಕ್ಕೇ ಇದರ ಅಗತ್ಯ ಹೆಚ್ಚು. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಸೇರಿದೆ. ಆ ಕಾಲದಿಂದ ಇಂದಿನವರೆಗೆ ಬಹುಮಂದಿ ಕವಿಗಳ ಕಡಲು ಅನಂತವಾಗಿ, ಅಪಾರವಾಗಿ, ಗಂಭೀರವಾಗಿಯೇ ಇದೆ. ಅದರಲ್ಲಿ ತೆರೆಯುಂಟು, ನೊರೆಯುಂಟು, ಮುತ್ತು ರತ್ನಗಳುಂಟು, ಒಂದು ಕಾಣೆ ಮೀನಿಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಂತಹ ಕೃತಿಗಳಲ್ಲಿ ಕಡಲ ತಡಿಯ ಬಾಳು ಮೈದುಂಬಿ ಬಂದಿರುವುದನ್ನು ಮರೆತು ಹೇಳುತ್ತಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟೂ ನಮ್ಮ ಮುಂದಿದೆ. ಆದರೆ ನಿಘಂಟಿನೊಳಗಿನ ಮಾತು ಬರಹಕ್ಕೆ ಇಳಿಯದಿದ್ದರೆ ಪೆಟ್ಟಿಗೆಯೊಳಗಿನ ದಾರದಂತೆಯೇ. ಮೊಗವೀರರೂ ಖಾರ್ವಿಗಳೂ ಬ್ಯಾರಿಗಳೂ ಕ್ರೈಸ್ತರೂ ಒಂದೇ ಪಾದೆಯ ಮೇಲೆ ಕುಳಿತು ತುಳುವಿನಲ್ಲಿಯೂ ಕೊಂಕಣಿಯಲ್ಲಿಯೂ ಬ್ಯಾರಿಯಲ್ಲಿಯೂ ಕನ್ನಡದಲ್ಲಿಯೂ ಒಂದೇ ಅಲೆಗೆ ನಾಲ್ಕು ಹೆಸರು ಹೇಳುತ್ತಿದ್ದಾರೆ. ಅವರ ಮಕ್ಕಳು ಬೆಂಗಳೂರಿಗೋ ದುಬೈಗೋ ಹೋಗಿದ್ದಾರೆ. ಮೊಮ್ಮಕ್ಕಳಿಗೆ ಎಲ್ಲ ಮೀನೂ ‘ಫಿಶ್’. ಇನ್ನು ಇಪ್ಪತ್ತು ವರ್ಷ ಕಳೆದರೆ ಕೇಳೋಣವೆಂದರೂ ಹೇಳುವವರು ಸಿಗಲಾರರು.

ಆದುದರಿಂದ ಸಂಘದ ಕಾರ್ಯಕಾರಿ ಮಂಡಲಿಗೂ ಸಂಪಾದಕರಿಗೂ ನನ್ನ ಬಿನ್ನಹ ಹೀಗಿದೆ. ಪ್ರತಿ ಸಂಚಿಕೆಯಲ್ಲಿ ಎರಡು ಪುಟಗಳನ್ನು ಕಡಲಿನ ಮಾತುಗಳಿಗಾಗಿ ಮೀಸಲಿಡಲಿ. ಮಾತು, ಅದನ್ನು ಆಡುವ ಊರು, ಅದರ ಅರ್ಥ, ಇಷ್ಟು ಸಾಕು. ಕರಾವಳಿಯ ಶಾಲೆಗಳ ಉಪಾಧ್ಯಾಯರು ವರ್ಷಕ್ಕೊಂದು ಸಂಜೆ ಮಕ್ಕಳನ್ನು ಪಾದೆಯ ಬಳಿಗೆ ಕರೆದೊಯ್ದು, ನೀರಿಗಿಳಿಸದೆ, ಕಾಲು ಗಂಟೆ ಅಲೆಗಳನ್ನು ಎಣಿಸುವುದನ್ನು ಗಾಳದ ಹಿರಿಯರೊಬ್ಬರಿಂದ ಹೇಳಿಸಲಿ. ಪಾದೆಗೆ ಫಲಕ ಹಾಕುವ ಮುನ್ನ ಅಧಿಕಾರಿಗಳು ಆ ಕಲ್ಲಿನ ಮೇಲೆ ಕೂರುವವರನ್ನು ಕೇಳಿ ಹಾಕಲಿ. ಎಲ್ಲಿ ಹಾಕಬೇಕೆಂಬುದನ್ನು ಅವರು ಅಂಗುಲ ತಪ್ಪದೆ ತೋರಿಸುವರು.

ಮೊದಲ ಸಂಚಿಕೆಗೆ ನಾನು ಕೂಡಿಸಿದ ಕೆಲವು ಮಾತುಗಳನ್ನು ಇದರೊಡನೆ ಕಳುಹಿಸಿದ್ದೇನೆ: ಭರತ, ಇಳಿತ, ಪಾದೆ, ಅಳಿವೆ, ಪಚ್ಚಿಲೆ, ಮರುವಾಯಿ, ತೇಡೆ, ತೊರಕೆ, ಮುರು, ಕಾಣೆ. ಹತ್ತೇ ಆದವು. ಮಿಕ್ಕವನ್ನು ಬಲ್ಲವರು ಮಳೆಗಾಲವೊಂದನ್ನು ಬಿಟ್ಟು ಯಾವ ತಿಂಗಳಲ್ಲಿಯೂ ಸಂಜೆ ಐದು ಗಂಟೆಯ ಬಳಿಕ ಪಾದೆಯ ಮೇಲೆ ಸಿಗುತ್ತಾರೆ. ಮಾತನಾಡಿಸುವವರು ಅವರ ದಾರ ಬಿಗಿಯಾಗಿಲ್ಲದ ಹೊತ್ತು ನೋಡಿ ಮಾತನಾಡಿಸಬೇಕು.